ತಂಬೂರಿ ಕಳೆದುಹೋದದ್ದು

ಪುಣೆಯ ಕೋಥ್ರೂಡಿನ ಆ ಸೊಸೈಟಿಯಲ್ಲಿ ಅವರು ಎಲ್ಲರಿಗೂ ಕಾಕಾ. ಊರು ಧಾರವಾಡ, ವಯಸ್ಸು ಅರವತ್ನಾಲ್ಕು. ಹೊಸ ಫೋನು ಕೊಳ್ಳುವವರು, ಮಗನಿಗೆ ಹೆಡ್‌ಫೋನ್ ಹುಡುಕುತ್ತಿರುವವರು, ಅಜ್ಜನ ಟೇಪ್‌ರೆಕಾರ್ಡರನ್ನು ರದ್ದಿಗೆ ಹಾಕಲೋ ಬೇಡವೋ ಎಂದು ಯೋಚಿಸುತ್ತಿರುವವರು ಮೊದಲು ಅವರ ಮನೆಯ ಬೆಲ್ ಒತ್ತುತ್ತಾರೆ. ಸಲಹೆ ಪುಕ್ಕಟೆ. ಅದರ ಜೊತೆಗೆ ಅಭಿಪ್ರಾಯಗಳೂ ಪುಕ್ಕಟೆ, ಬೇಡವೆಂದರೂ ಬರುತ್ತವೆ.

ಶಫಲ್ ಎನ್ನುವುದು ಸಿನಿಮಾ ಹಾಡಿಗಾಗಿ ಮಾಡಿದ ಗುಂಡಿ. ಅದನ್ನು ಖಯಾಲಿಗೆ ಒತ್ತಿದರೆ ದ್ರುತ್ ಮುಗಿದ ಮೇಲೆ ವಿಲಂಬಿತ್ ಬರುತ್ತದೆ, ಉಂಡು ಕೈ ತೊಳೆದವನ ಎಲೆಗೆ ಉಪ್ಪು ಬಡಿಸಿದ ಹಾಗೆ. ಹಾಡು ಕೇಳುವ ಎಷ್ಟೋ ಆ್ಯಪುಗಳಲ್ಲಿ ಕಲಾವಿದ, ಆಲ್ಬಂ, ಟ್ರ್ಯಾಕ್ ಎಂದು ಮುಖ್ಯ ಖಾನೆ ಮೂರೇ. ರಾಗಕ್ಕೆ ಖಾನೆಯಿಲ್ಲ, ತಬಲಾ ನುಡಿಸಿದವರಿಗೆ ಇಲ್ಲವೇ ಇಲ್ಲ. ಹೆಸರನ್ನು ಇಂಗ್ಲಿಷಿನಲ್ಲಿ ಒಂದು ‘ಯು’ ಹಾಕಿ ಬರೆದರೆ ಮನಸೂರರ ಒಂದು ಪಟ್ಟಿ, ಎರಡು ‘ಒ’ ಹಾಕಿದರೆ ಇನ್ನೊಂದು. ಈಗ ಮತ್ತೆ ಫ್ಯಾಶನ್ ಆಗಿರುವ ಎಲ್‌ಪಿಗಳಲ್ಲಿ ಎಷ್ಟನ್ನೋ ಡಿಜಿಟಲ್ ಕಡತದಿಂದಲೇ ಕೊರೆದಿರುತ್ತಾರೆ. ಅದಕ್ಕೆ ಸಾವಿರಾರು ರೂಪಾಯಿ ಕೊಡುವುದು ಪ್ಯಾಕೆಟ್ ಹಾಲನ್ನು ತಾಮ್ರದ ಚರಿಗೆಗೆ ಸುರಿದು ಹಸುವಿನ ಹಾಲು ಎಂದಂತೆ. ಇನ್ನು ಹೈ-ರೆಸ್. ಸಿಡಿ ಒಂದು ಸೆಕೆಂಡಿಗೆ 44,100 ಬಾರಿ ಸದ್ದನ್ನು ಅಳೆಯುತ್ತದೆ, ಹಾಗಾಗಿ 22,050 ಹರ್ಟ್ಸ್‌ವರೆಗಿನ ಸದ್ದು ಅದರಲ್ಲಿ ಹಿಡಿಸುತ್ತದೆ. ಎಳೆಯ ಕಿವಿಗೂ 20,000ದ ಮೇಲೆ ಕೇಳುವುದಿಲ್ಲ. ಅದಕ್ಕಿಂತ ಮೇಲಿನದನ್ನು ಮಾರುವವರು ಬಾವಲಿಗಳಿಗೆ ಮಾರಿಕೊಳ್ಳಲಿ.

ಈ ಮಾತುಗಳಲ್ಲಿ ತಪ್ಪೇನಿಲ್ಲ. ಕಾಕಾ ಓದಿಕೊಂಡು, ಬಿಚ್ಚಿ ನೋಡಿ, ಬೆಸುಗೆ ಹಾಕಿ ಕಲಿತವರು. 160 ಜಿಬಿಯ ಐಪಾಡ್ ಕ್ಲಾಸಿಕ್ 2014ರಲ್ಲಿ ನಿಂತುಹೋದರೂ ಅವರದು ಎರಡು ಸಲ ಬ್ಯಾಟರಿ ಬದಲಿಸಿಕೊಂಡು ಇನ್ನೂ ಹಾಡುತ್ತಿದೆ. ಮೇಜಿನ ಮೇಲೆ ಸೆನ್‌ಹೈಸರ್ ಎಚ್‌ಡಿ 600. ಅದು 300 ಓಮಿನದು, ಫೋನಿಗೆ ಸಿಕ್ಕಿಸಿದರೆ ಸಣ್ಣಗೆ ನರಳುತ್ತದೆ, ಆದ್ದರಿಂದ ಅದಕ್ಕೊಂದು ಬೇರೆ ಆ್ಯಂಪ್ಲಿಫೈಯರ್.

ಒಂದೇ ಒಂದು ಅಭಿಪ್ರಾಯ ಮಾತ್ರ ತಪ್ಪಾಗಿತ್ತು. ಕಾಕಾ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದದ್ದೂ ಅದನ್ನೇ: ಕಂಪನಿಗಳು ಹಳೆಯ ಧ್ವನಿಮುದ್ರಣಗಳ ‘ಸುಸ್’ ಸದ್ದು ತೆಗೆಯುವ ಭರದಲ್ಲಿ ತಂಬೂರಿಯನ್ನೂ ಒರೆಸಿ ಹಾಕಿವೆ.

“ಇದರಾಗ ತಂಬೂರಿನ ಇಲ್ಲ. ಬರೇ ಗಂವ್ ಅಂತದ. ಜವಾರಿ ಎಲ್ಲದ?”

ತಂಬೂರಿಯ ತಂತಿ ಕುದುರೆಯ ಮೇಲೆ ಹಾಯುವಲ್ಲಿ ಒಂದು ಎಳೆ ದಾರ ಸಿಕ್ಕಿಸಿರುತ್ತಾರೆ. ಅದನ್ನು ಒಂದು ಕೂದಲಿನಷ್ಟು ಅತ್ತಿತ್ತ ಸರಿಸಿದರೆ ತಂತಿ ಕುದುರೆಯ ಬಾಗಿದ ಮೈಗೆ ತಾಗಿಯೂ ತಾಗದಂತೆ ನಡುಗಿ, ಮೂಲ ಸ್ವರದ ಮೇಲೆ ಎತ್ತರದ ಉಪಸ್ವರಗಳನ್ನು ಸಾಲಾಗಿ ಎಬ್ಬಿಸುತ್ತದೆ. ಆ ಮಿರುಗೇ ಜವಾರಿ. ಮಿರಜದಲ್ಲಿ ತಂಬೂರಿ ಮಾಡುವವರು ಆ ಕುದುರೆಯನ್ನು ಉಜ್ಜಿ ಹದಕ್ಕೆ ತರಲು ಗಂಟೆಗಟ್ಟಲೆ ಕೂರುತ್ತಾರೆ. ಮಿರುಗೆಲ್ಲ ಇರುವುದು ಮೇಲಿನ ಕಂಪನಗಳಲ್ಲಿ. ಅವು ಹೋದರೆ ಉಳಿಯುವುದು ಗುಂಯ್‌ಗುಡುವ ತಂತಿ ಅಷ್ಟೆ.

2019ರಲ್ಲಿ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಾಕಾ ತಮ್ಮ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತರು. ಒಟ್ಟು 214. ಹೆಚ್ಚಿನವು ಮೆಲ್‌ಟ್ರ್ಯಾಕ್ ಮತ್ತು ಟಿಡಿಕೆ, ಎಂಬತ್ತರ ದಶಕದಲ್ಲಿ ಧಾರವಾಡ ಆಕಾಶವಾಣಿಯಿಂದ ಮನೆಯಲ್ಲೇ ಹಿಡಿದಿಟ್ಟದ್ದು, ಕೆಲವು ಮನೆಯ ಬೈಠಕ್ಕುಗಳದ್ದು. ಕೆಲಸ ಅಚ್ಚುಕಟ್ಟು. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಟೇಪಿಗೆ ಸರಿಯಾಗಿ ನಿಲ್ಲಿಸುವುದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತುಂಬಿಸಿಕೊಳ್ಳುವುದು, ಸ್ವಲ್ಪ ಟ್ರೆಬಲ್ ಏರಿಸಿ ‘ಜೀವ ತುಂಬುವುದು’, ಕೊನೆಗೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುವುದು. ತಾರೀಖು, ಹಾಡಿದವರು, ರಾಗ, ಪಕ್ಕವಾದ್ಯ, ಟ್ರೆಬಲ್ ಎಂದು ಐದು ಕಾಲಂ. ಇಳಿಸಿ ಮುಗಿದ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಹಿಡಿದವನ್ನು ರದ್ದಿಯವನಿಗೆ ಕೊಟ್ಟರು.

ಕಳೆದ ದೀಪಾವಳಿಗೆ ಹೈದರಾಬಾದಿನಿಂದ ಮಗಳು ಬಂದಳು. ತನ್ನ ಫೋನಿಗೂ ಒಂದಷ್ಟು ಹಾಕಿಕೊಡು ಎಂದು ಕೇಳಿ, ಒಂದನ್ನು ಹಚ್ಚಿ, ಅರ್ಧ ನಿಮಿಷಕ್ಕೆ ಇಯರ್‌ಫೋನ್ ಕಿತ್ತಳು.

“ಅಪ್ಪಾ, ಇದೇನು, ತಗಡಿನ ಮ್ಯಾಲೆ ಮಳಿ ಬಿದ್ದಂಗ ಸಪ್ಪಳ?”

“ಎಲ್ಲದ ಸಪ್ಪಳ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವಳು ಫೋನಿನಲ್ಲಿ ಸ್ವರದ ಕಂಪನವನ್ನು ನಿಧಾನವಾಗಿ ಏರಿಸುತ್ತ ಹೋಗುವ ಆ್ಯಪ್ ತೆರೆದಳು. ಕೇಳಿಸುವವರೆಗೆ ಕೈ ಎತ್ತಿರಬೇಕು, ನಿಂತಾಗ ಇಳಿಸಬೇಕು. ಶಾಲೆಯ ಹುಡುಗರ ಹಾಗೆ ಮೂವರೂ ಕೈ ಎತ್ತಿದರು. ಆರು ಸಾವಿರ ಹರ್ಟ್ಸ್ ಹತ್ತಿರ ಕಾಕಾ ಕೈ ಇಳಿಸಿದರು. ಹನ್ನೊಂದು ಸಾವಿರಕ್ಕೆ ಕಾಕು ಇಳಿಸಿದರು. ಮಗಳ ಕೈ ಹದಿನಾರು ಸಾವಿರದವರೆಗೂ ಎತ್ತಿಯೇ ಇತ್ತು. ಆ ಅಷ್ಟು ಹೊತ್ತು ಕಾಕಾ ಅವಳ ಕೈಯನ್ನೇ ನೋಡುತ್ತ ಕೂತಿದ್ದರು, ಅವರಿಗೆ ಕೋಣೆ ಪೂರಾ ನಿಶ್ಶಬ್ದವಾಗಿತ್ತು.

ಅವತ್ತು ರಾತ್ರಿ ನೋಟ್‌ಬುಕ್ ತೆರೆದು ಕೊನೆಯ ಕಾಲಮ್ಮನ್ನು ಮೇಲಿಂದ ಕೆಳಕ್ಕೆ ಓದಿದರು. 2019ರ ಕ್ಯಾಸೆಟ್ಟುಗಳಿಗೆ ಟ್ರೆಬಲ್ ಪ್ಲಸ್ ಎರಡು. 2021ಕ್ಕೆ ನಾಲ್ಕು, ಐದು. 2023ಕ್ಕೆ ಏಳು. 2025ರ ಜೂನಿನಲ್ಲಿ ಒಂಬತ್ತು. ಒಂಬತ್ತು ಡೆಸಿಬೆಲ್ ಎಂದರೆ ಶಕ್ತಿಯ ಲೆಕ್ಕದಲ್ಲಿ ಸುಮಾರು ಎಂಟು ಪಟ್ಟು. ಕ್ಯಾಸೆಟ್ಟುಗಳು ವರ್ಷದಿಂದ ವರ್ಷಕ್ಕೆ ಮಂಕಾಗಿರಲಿಲ್ಲ, ಎಲ್ಲವೂ ಒಂದೇ ಕಾಲದವು. ಹಾಡಿದವರ ಹೆಸರು ಬರೆದಿಡುತ್ತಿದ್ದೇನೆ ಎಂದುಕೊಂಡ ಪುಸ್ತಕದಲ್ಲಿ ಆರು ವರ್ಷ ಅವರು ತಮ್ಮ ಕಿವಿಯ ಲೆಕ್ಕವನ್ನೇ ಬರೆದಿಟ್ಟಿದ್ದರು.

ಇನ್ನೂ ನಾಚಿಕೆಯ ಸಂಗತಿ ಒಂದಿತ್ತು. ಧಾರವಾಡ ಆಕಾಶವಾಣಿಯ ಹಾಡು ಆಗ ಮನೆಗೆ ಬರುತ್ತಿದ್ದದ್ದು ಮೀಡಿಯಂ ವೇವ್‌ನಲ್ಲಿ. ಅದರಲ್ಲಿ ಹೆಚ್ಚೆಂದರೆ ನಾಲ್ಕೂವರೆ ಐದು ಸಾವಿರ ಹರ್ಟ್ಸ್‌ವರೆಗಿನ ಸದ್ದು ಬರುತ್ತದೆ. ಅದರ ಮೇಲೆ ಆ ಟೇಪುಗಳಲ್ಲಿ ಇದ್ದದ್ದು ಟೇಪಿನದೇ ಸುಸ್ ಮಾತ್ರ. ಕಾಕಾ ಜೀವ ತುಂಬಿದ್ದು ಅದಕ್ಕೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರು ಒಂದು ವಾರ ನಗುತ್ತಿದ್ದರು.

ಆಡಿಯಾಲಜಿಸ್ಟ್ ಕೊಟ್ಟ ನಕ್ಷೆ ಕಾಕಾಗೆ ಓದಲು ಬರುವಂಥದ್ದೇ. ಸ್ಪೀಕರುಗಳದ್ದನ್ನು ಎಷ್ಟು ಓದಿಲ್ಲ. ಸಾವಿರ ಹರ್ಟ್ಸ್‌ವರೆಗೆ ಗೆರೆ ಸಮತಟ್ಟು, ಆಮೇಲೆ ಜಾರು, ನಾಲ್ಕು ಸಾವಿರದ ಬಳಿ ಗುಂಡಿ. ನಾಲ್ಕು ಸಾವಿರದ ಆ ಗುಂಡಿ ಸಾಮಾನ್ಯವಾಗಿ ಸದ್ದಿನಲ್ಲಿ ದುಡಿದವರ ಗುರುತು ಎಂದರು ಆಕೆ. ಕಾಕಾ ಮೂವತ್ತು ವರ್ಷ ಪ್ರೆಸ್ ಶಾಪಿನಲ್ಲಿದ್ದವರು, ಕಿವಿಗೆ ಹಾಕಿಕೊಳ್ಳಲು ಕೊಟ್ಟ ಪ್ಲಗ್ಗುಗಳು ಮೂವತ್ತು ವರ್ಷ ಡ್ರಾಯರಿನಲ್ಲಿದ್ದವು. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು ಇರುತ್ತವೆ. ಎತ್ತರದ ಸದ್ದಿನವು ಬಾಗಿಲ ಬಳಿಯಲ್ಲೇ ಇರುವುದರಿಂದ ಮೊದಲು ಸವೆಯುವುದು ಅವೇ. ಹೋದವು ಮತ್ತೆ ಹುಟ್ಟುವುದಿಲ್ಲ.

“ಮನೀಯವರು ಮಾತಾಡಿದ್ದು ತಿಳೀತದೇನ್ರಿ?” ಎಂದು ಆಕೆ ಕೇಳಿದಾಗ ಕಾಕಾ ಹೂಂ ಎಂದರು. ಕಾಕು ಪಕ್ಕದಲ್ಲಿ ಕೂತು ನಕ್ಕರು.

ಆ ನಗುವಿಗೆ ಕಾರಣವಿತ್ತು. ಮಾತಿನಲ್ಲಿ ಸ್ವರಗಳು ತಗ್ಗಿನ ಕಂಪನದವು ಮತ್ತು ಜೋರಿನವು, ಅ ಆ ಇ ಈ ಎಲ್ಲ ಕಾಕಾಗೆ ಗಂಟೆಯ ಹಾಗೆ ಕೇಳಿಸುತ್ತವೆ. ವ್ಯಂಜನಗಳ ಗುರುತು ಇರುವುದು ಮೇಲಿನ, ಸಣ್ಣ ಸದ್ದುಗಳಲ್ಲಿ. ಸ, ಶ ಅಂತೂ ನಾಲ್ಕು ಸಾವಿರದ ಆಚೆ ಈಚೆಯೇ ಬದುಕುತ್ತವೆ. ಕ, ತ, ಚ ಇವನ್ನು ಬೇರೆ ಮಾಡುವುದೂ ಒಂದು ಕ್ಷಣದ ಸಣ್ಣ ಸಿಡಿತ. ಆದ್ದರಿಂದ ಇಂಥವರಿಗೆ ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಜೋರಾಗಿ ಹೇಳಿದರೆ ಸ್ವರಗಳೇ ಇನ್ನೂ ಜೋರಾಗುತ್ತವೆ. ಕಾಕು ಒಳಗಿನಿಂದ “ರೀ, ಅಕ್ಕಿ ಮುಗದಾವ” ಎಂದರೆ ಕಾಕಾ “ಅತ್ತಿ? ಯಾವಾಗ ಬಂದ್ರು?” ಎಂದು ಅಂಗಿ ಹಾಕಿಕೊಂಡು ಬರುತ್ತಿದ್ದರು. ಮೊದಮೊದಲು ಮನೆಯಲ್ಲಿ ಇದೊಂದು ನಗೆಚಾಟಿಕೆ. ಆಮೇಲೆ ಕಾಕು ಎರಡು ಸಲ ಹೇಳುವುದನ್ನು ಬಿಟ್ಟರು. ಆಮೇಲೆ ಒಂದು ಸಲ ಹೇಳುವುದನ್ನೂ ಕಡಿಮೆ ಮಾಡಿದರು. ಹಾಡಿನಲ್ಲಿ ತಂಬೂರಿ ಕಾಣೆಯಾದದ್ದಕ್ಕೆ ಕಂಪನಿಗಳನ್ನು ಬೈಯುತ್ತಿದ್ದ ಕಾಕಾ, ಮನೆಯಲ್ಲಿ ಮಾತು ಕಡಿಮೆಯಾದದ್ದನ್ನು ವಯಸ್ಸಿನ ಗುಣ ಎಂದುಕೊಂಡಿದ್ದರು.

ಮಗಳು ಸಮಾಧಾನಕ್ಕೆಂದು ಒಂದು ಮಾತು ಹೇಳಿದಳು. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟದ್ದು ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ. 78 ಆರ್‌ಪಿಎಂ ತಟ್ಟೆ, ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ, ಮೇಲಿನ ಕಂಪನಗಳು ಇದ್ದೂ ಇಲ್ಲದಂತೆ. ಅಷ್ಟರಲ್ಲೇ ಒಬ್ಬ ಹುಡುಗನ ಬದುಕು ತಿರುಗಿತು, ನಿನಗೇನಾಗಿದೆ ಎಂದಳು. ಕಾಕಾ ಯೋಚಿಸಿ, “ಖರೇ. ಆದ್ರ ಆ ಹುಡುಗನ ಕಿವಿ ಹನ್ನೊಂದು ವರ್ಷದ್ದಿತ್ತು” ಎಂದರು.

ಸೌಂಡಿನ ವಿಷಯದಲ್ಲಿ ಇಷ್ಟು ತಿಳಿದವರೂ ಕಿವಿ ಮಷೀನು ಹಾಕಿಕೊಳ್ಳಲು ಎರಡು ತಿಂಗಳು ತಳ್ಳಿದರು. ಹೆಡ್‌ಫೋನ್ ಹಾಕಿಕೊಂಡರೆ ಶೋಕಿ, ಮಷೀನು ಹಾಕಿಕೊಂಡರೆ ಮುದುಕ. ಇಯರ್‌ಬಡ್ಡೇ ಕಿವಿ ಮಷೀನಿನ ಕೆಲಸ ಮಾಡುವ ಏರ್‌ಪಾಡ್ಸ್ ಪ್ರೊ ತಂತ್ರಾಂಶಕ್ಕೆ ಅಮೆರಿಕದ ಎಫ್‌ಡಿಎ 2024ರ ಸೆಪ್ಟೆಂಬರಿನಲ್ಲೇ ಒಪ್ಪಿಗೆ ಕೊಟ್ಟಿದೆ, ಇನ್ನು ಮುಂದೆ ಯಾರು ಶೋಕಿ ಯಾರು ಮುದುಕರು ಎಂದು ನೋಡಿ ಹೇಳಲಾಗುವುದಿಲ್ಲ ಎಂದು ಮಗಳು ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು.

ಮಷೀನು ಬಂದ ದಿನ ಅಡುಗೆಮನೆಯ ಒಗ್ಗರಣೆ ಚಟಪಟ ಕೇಳಿಸಿತು, ಕಾಕೂನ ಬಳೆ ಕೇಳಿಸಿತು, ತಮ್ಮದೇ ಚಪ್ಪಲಿ ಕೇಳಿಸಿತು. ಸಂಜೆ ಸ್ಪೀಕರಿಗೆ ಹಾಡು ಹಚ್ಚಿದರು. ಮೊದಲ ಕೆಲವು ಕ್ಷಣ ತಂಬೂರಿ ಮಿರಿಮಿರಿ ಮಿರುಗಿತು, ಕಾಕಾ ಕಣ್ಣು ಮುಚ್ಚಿದರು. ಆಮೇಲೆ ಯಾರೋ ಮೆಲ್ಲಗೆ ಬಾಗಿಲು ಮುಂದೆ ಮಾಡಿದಂತೆ ತಂಬೂರಿ ಹಿಂದೆ ಸರಿದು ಕರಗಿಯೇಹೋಯಿತು.

ಕಿವಿ ಮಷೀನು ಮಾತಿಗಾಗಿ ಮಾಡಿದ್ದು. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಒಂದೇ ಸಮ ಬರುವ ಸದ್ದು ಫ್ಯಾನಿನದೋ ಎಸಿಯದೋ ಇರಬೇಕೆಂದು ಅದರ ಲೆಕ್ಕ, ಅದನ್ನು ತಗ್ಗಿಸುತ್ತದೆ. ತಂಬೂರಿಗಿಂತ ಒಂದೇ ಸಮ ಬರುವ ಸದ್ದು ಇನ್ನಾವುದು? ಗಾಯಕರು ತಾರ ಷಡ್ಜದಲ್ಲಿ ನಿಂತರೆ ಮಷೀನು ಅದನ್ನು ತನ್ನದೇ ಸೀಟಿ ಎಂದು ತಿಳಿದು ಅಳಿಸಲು ಹೋಗಿ ಸ್ವರ ನಡುಗಿಸುತ್ತದೆ. ಸಣ್ಣದನ್ನು ದೊಡ್ಡದು ಮಾಡಿ ದೊಡ್ಡದನ್ನು ಸಣ್ಣದು ಮಾಡುವುದರಿಂದ ಆಲಾಪದ ಏರು ಇಳುಕಲು ಎಲ್ಲ ಸಪಾಟು. ಕಂಪನಿಗಳು ಸುಸ್ ತೆಗೆಯುವ ಭರದಲ್ಲಿ ತಂಬೂರಿಯನ್ನೂ ಒರೆಸಿದವು ಎಂದು ಕಾಕಾ ಹೊರಿಸಿದ್ದ ಅಪವಾದ ಕಡೆಗೂ ಒಂದು ಯಂತ್ರದ ಮೇಲೆ ನಿಜವಾಯಿತು. ಆ ಯಂತ್ರ ಅವರ ಕಿವಿಯಲ್ಲೇ ಕೂತಿತ್ತು.

ಈ ಸಲ ಅವರು ಬೈಯಲಿಲ್ಲ. ಆಡಿಯಾಲಜಿಸ್ಟ್ ಬಳಿ ಹೋಗಿ ಸಂಗೀತಕ್ಕೆಂದು ಬೇರೊಂದು ಪ್ರೋಗ್ರಾಂ ಮಾಡಿಸಿಕೊಂಡರು. ಅದರಲ್ಲಿ ಸದ್ದಡಗಿಸುವುದು ಬಂದ್, ಸೀಟಿ ತಡೆಯುವುದು ಬಂದ್, ದೊಡ್ಡದು ಸಣ್ಣದರ ಹೊಂದಾಣಿಕೆ ಆದಷ್ಟು ಕಡಿಮೆ. ಮೂರು ಸಲ ಓಡಾಡಿದ ಮೇಲೆ ಹದಕ್ಕೆ ಬಂತು. ಮಿರಜದವರು ದಾರ ಸರಿಸಿದ ಹಾಗೆಯೇ ಇದೂ ಒಂದು ಜವಾರಿ ಕೂರಿಸುವ ಕೆಲಸ. ಮೊದಲಿನ ತಂಬೂರಿ ಪೂರ್ತಿ ಮರಳಿಲ್ಲ, ಮರಳುವುದೂ ಇಲ್ಲ. ಎಚ್‌ಡಿ 600ನ್ನು ಮಗಳು ಹೈದರಾಬಾದಿಗೆ ತೆಗೆದುಕೊಂಡು ಹೋದಳು.

ಉಳಿದದ್ದು ಆ 214 ಕಡತಗಳು. ಐದನೆಯ ಕಾಲಂ ಇಲ್ಲಿ ಕೈ ಹಿಡಿಯಿತು. ಪ್ಲಸ್ ಒಂಬತ್ತು ಎಂದಿದ್ದರೆ ಅದೇ ಜಾಗದಿಂದ ಮೈನಸ್ ಒಂಬತ್ತು ಮಾಡಿದರೆ ಟೇಪು ಮೊದಲಿದ್ದ ಹಾಗಾಗುತ್ತದೆ. ಹದಿನಾಲ್ಕು ಕಡತಗಳಲ್ಲಿ ಮಾತ್ರ ಏರಿಸಿದ್ದು ಅತಿಯಾಗಿ ಸದ್ದಿನ ಅಲೆಗಳ ತುದಿಯೇ ಕತ್ತರಿಸಿಹೋಗಿದೆ. ಆ ಹದಿನಾಲ್ಕರಲ್ಲಿ ಒಂಬತ್ತರ ಕ್ಯಾಸೆಟ್ ರದ್ದಿಗೆ ಹೋಗಿವೆ. ಅವು ಹಾಗೇ ಇರುತ್ತವೆ, ತಗಡಿನ ಮೇಲಿನ ಮಳೆಯೊಂದಿಗೆ.

ಈಗ ಸರಿ ಮಾಡಿದ್ದನ್ನು ಕಾಕಾ ಒಬ್ಬರೇ ಒಪ್ಪಿಕೊಳ್ಳುವುದಿಲ್ಲ. ಸಂಜೆ ಕಾಕೂನನ್ನು ಕೂರಿಸಿ ಕೇಳಿಸುತ್ತಾರೆ. ಅವರು ಹುಡುಗಿಯಾಗಿದ್ದಾಗ ಹಾರ್ಮೋನಿಯಂ ಕಲಿತವರು, ಮದುವೆಯಾದಾಗಿನಿಂದ ಈ ಮನೆಯ ಸಂಗೀತವನ್ನೆಲ್ಲ ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದವರು. ಅಭಿಪ್ರಾಯ ಹೇಳಿ ಎಂದು ಯಾರೂ ಕೇಳಿರಲಿಲ್ಲ. ಮೊನ್ನೆ 1982ರ ಒಂದು ಬೈಠಕ್ಕಿನ ಕ್ಯಾಸೆಟ್ ಬಂತು, ಹಾಡಿದವರು ಕಾಕೂಗೆ ಹಾರ್ಮೋನಿಯಂ ಕಲಿಸಿದ ಮಾಸ್ತರರೇ. ಕಾಕು ಹತ್ತು ನಿಮಿಷ ಸುಮ್ಮನೆ ಕೇಳಿದರು.

“ರೀ, ಇದು ತಪ್ಪದ. ಮಾಸ್ತರು ಕರಿ ಒಂದರ ಮ್ಯಾಲೆ ಹಾಡ್ತಿದ್ರು. ಇದು ಬಿಳಿ ಎರಡಕ್ಕ ಹೋಗ್ಯದ. ಅದೂ ಹೋಗ್ತಾ ಹೋಗ್ತಾ ಏರ್ತದ.”

ಕಾಕಾ ತೆಗೆದು ನೋಡಿದರು. ಅವತ್ತು ಕರೆಂಟು ಹೋಗಿ ಟೇಪ್‌ರೆಕಾರ್ಡರನ್ನು ಸೆಲ್ಲಿನ ಮೇಲೆ ನಡೆಸಿದ್ದರು. ಸೆಲ್ಲು ಇಳಿಯುತ್ತ ಹೋದಂತೆ ಮುದ್ರಿಸುವಾಗ ಟೇಪು ನಿಧಾನವಾಗಿದೆ, ಈಗ ಸರಿಯಾದ ವೇಗದಲ್ಲಿ ಹಚ್ಚಿದರೆ ಧ್ವನಿ ಏರುತ್ತದೆ. ಇಳಿಸಿದ್ದು ಅವರೇ, ರಾಗ ಬರೆದದ್ದು ಅವರೇ. ಅರ್ಧ ಸ್ವರ ಏರಿದ್ದು ಗೊತ್ತಾಗಿರಲಿಲ್ಲ. ಅದು ಕಿವಿಯ ದೋಷವೂ ಅಲ್ಲ.

ನೋಟ್‌ಬುಕ್ಕಿನಲ್ಲಿ ಈಗ ಆರನೆಯ ಕಾಲಂ ಒಂದಿದೆ. ಸ್ಕೇಲಿನಿಂದ ಗೆರೆ ಎಳೆದು ಮೇಲೆ ‘ಕೇಳಿದವರು’ ಎಂದು ಬರೆದಿದ್ದಾರೆ. ಅದರಲ್ಲಿ ಇಲ್ಲಿಯವರೆಗೆ ಇರುವುದು ಒಂದೇ ಹೆಸರು, ಕಾಕೂನದು.