ಬ್ರೇಕಿನ ಬಾಬತ್ತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಕಡಲನ್ನು ನೋಡಬೇಕೆಂದು ಇಲ್ಲಿಂದ ಹೊರಡುವ ಪ್ರತಿಯೊಂದು ಕಾರೂ ಎಲ್ಲಿಯಾದರೂ ಒಂದೆಡೆ ಆ ಎತ್ತರವನ್ನು ಇಳಿಯಲೇಬೇಕು. ಹತ್ತುವುದಕ್ಕೆ ಬೇಕಾದದ್ದು ಎಂಜಿನ್ನು. ಇಳಿಯುವುದಕ್ಕೆ ಬೇಕಾದದ್ದು ಬ್ರೇಕು. ಹೊಸ ಕಾರಿನವರು ಈ ಮಾತನ್ನು ಮರೆತರೂ ಹೇಗೋ ನಡೆದೀತು. ಹಳೆಯ ಕಾರಿನವರು ಮರೆಯುವಂತಿಲ್ಲ. ಹಣ ಕಡಮೆಯಿದ್ದು ಆಸೆ ಹೆಚ್ಚಾಗಿರುವ ಹಳೆಯ ಕಾರಿನವರಂತೂ ಮರೆಯಲೇಕೂಡದು.

ತಲಘಟ್ಟಪುರದ ಮೇಷ್ಟ್ರು ಈ ಕೊನೆಯ ವರ್ಗಕ್ಕೆ ಸೇರಿದವರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಹನ್ನೊಂದು ವರ್ಷ ಕಳೆದಿದೆ. ಮನೆಯ ಮುಂದೆ ನಿಂತಿರುವ ಪದ್ಮಿನಿ ಕಾರು 1986ರದು. ಅದನ್ನು ಅವರು ಕೊಂಡಾಗಲೇ ಅದು ಎರಡನೆಯ ಕೈಯದು. ಕನಕಪುರ ರಸ್ತೆಯ ಮೇಲೆ ಆಗ ಕಾರಿಗೆ ಕೆಲಸವಿತ್ತು. ಆಸ್ಪತ್ರೆಗೆ, ಮದುವೆಗೆ, ಅಕ್ಕಪಕ್ಕದವರ ಹೆರಿಗೆಗೆ ಸಹ ಅದೇ ಓಡಾಡಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ತಲಘಟ್ಟಪುರವನ್ನು ದಾಟಿ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದ ಮೇಲೆ ಆ ಕೆಲಸವೂ ತಪ್ಪಿತು. ಈಗ ಕಾರು ವಾರಕ್ಕೊಮ್ಮೆ ಬ್ಯಾಟರಿ ಸಾಯದಿರಲೆಂದು ಬೀದಿಯ ಕೊನೆಯವರೆಗೆ ಹೋಗಿ ಹಿಂದಿರುಗುತ್ತದೆ. ವೃದ್ಧರು ಸಂಜೆ ಕಾಲಾಡಿಸಿ ಬರುವಂತೆ.

ನಮ್ಮಲ್ಲಿ ಕಾರಿನ ನೋಂದಣಿಗೆ ಮೊದಲು 15 ವರ್ಷಗಳ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್ ತಿಂಗಳಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಎಂದಾಯಿತು. ಮೇಷ್ಟ್ರ ಕಾರಿನ ಅವಧಿ 2026ರ ಫೆಬ್ರುವರಿಗೆ ಮುಗಿಯಲಿತ್ತು. "ಅಪ್ಪಾ, ಕಾರಿನ ಬೆಲೆಗಿಂತ ಅದರ ಕಾಗದದ ಬೆಲೆ ಹೆಚ್ಚಾಯಿತು. ಗುಜರಿಗೆ ಕೊಟ್ಟುಬಿಡಿ" ಎಂದು ಮಗ ಹೇಳಿದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ಮಾತಿಗೆ ಉತ್ತರ ಕೊಡುವುದು ಕಷ್ಟ. ಮೇಷ್ಟ್ರು ಉತ್ತರ ಕೊಡಲಿಲ್ಲ. ಡಿಸೆಂಬರಿನಲ್ಲಿ ಒಂದು ವಾರ ಮಂಗಳೂರಿನಿಂದ ಕಾರವಾರದವರೆಗೆ ಕಡಲ ಬದಿಯ ದಾರಿಯಲ್ಲಿ ಹೋಗಿಬರುವುದೆಂದು ಪತ್ನಿಯೊಡನೆ ನಿಶ್ಚಯಿಸಿದರು. ಕಾರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಕಾರೇ ಹೇಳಲಿ ಎಂಬುದು ಅವರ ಮನಸ್ಸಿನ ಎಣಿಕೆ.

ಗಣಿತ ಕಲಿಸಿದವರು ಮೇಷ್ಟ್ರಾದರೂ ಲೆಕ್ಕ ಇಡುತ್ತಿದ್ದವರು ಅವರ ಪತ್ನಿ. ಆಕೆ ಒಂದು ನೋಟುಬುಕ್ಕಿನ ಪುಟವನ್ನು ಗೆರೆ ಎಳೆದು ಎರಡು ಮಾಡಿದರು. ಒಂದರ ತಲೆಯ ಮೇಲೆ "ಕಡಮೆ ಮಾಡಬಹುದಾದದ್ದು," ಇನ್ನೊಂದರ ಮೇಲೆ "ಮಾಡಬಾರದ್ದು." ಹೋಗಿಬರಲು ಸುಮಾರು 1,200 ಕಿಲೋಮೀಟರು, ಲೀಟರಿಗೆ ಹನ್ನೆರಡರಂತೆ ಹಿಡಿದರೂ ನೂರು ಲೀಟರು ಪೆಟ್ರೋಲು, ಲೀಟರಿಗೆ ನೂರು ರೂಪಾಯಿಯ ಮೇಲೆ. ಊಟ, ವಸತಿ, ಚಿಲ್ಲರೆ ಎಲ್ಲವೂ ಸೇರಿ 20,000ಕ್ಕೆ ಮುಗಿಯಬೇಕು. ಕಡಮೆ ಖರ್ಚೇ ಗುರಿಯಾಗಿದ್ದರೆ ಕಾರವಾರಕ್ಕೆ ಹೋಗುವ ರಾತ್ರಿಯ ರೈಲು ಸಾಕಾಗಿತ್ತೆಂದು ಓದುಗರು ನಗಬಹುದು. ನಿಜ. ಆದರೆ ರೈಲನ್ನು ಬೇಕಾದ ಕಡೆ ನಿಲ್ಲಿಸುವಂತಿಲ್ಲ. ಹಳೆಯ ಕಾರಾದರೋ ಬೇಡವಾದ ಕಡೆಯೂ ನಿಲ್ಲುತ್ತದೆ.

ಹೊರಡುವ ಮೊದಲು ಮೆಕ್ಯಾನಿಕ್ ಗಾಲಿಗಳನ್ನು ಕಳಚಿ ನೋಡಿದ. ಈ ಕಾರಿನ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಹಿಂದಿನ ಒಂದು ಗಾಲಿಯ ಸಿಲಿಂಡರಿನಿಂದ ಎಣ್ಣೆ ಒಸರಿ ಲೈನರು ಒದ್ದೆಯಾಗಿತ್ತು, ರಬ್ಬರುಗಳು ಗಟ್ಟಿಯಾಗಿದ್ದವು. ಎಲ್ಲವನ್ನೂ ಬದಲಾಯಿಸಲು 6,500 ರೂಪಾಯಿ ಎಂದ. ಮೇಷ್ಟ್ರು ತಲೆ ಕೆರೆದುಕೊಂಡರು. ಫೆಬ್ರುವರಿಯಲ್ಲಿ ಗುಜರಿಗೆ ಹೋಗಬಹುದಾದ ಕಾರಿಗೆ ಡಿಸೆಂಬರಿನಲ್ಲಿ ಇಷ್ಟು ಹಣವೇ? ಒಂದು ಗಾಲಿಯನ್ನು ಮಾತ್ರ ಸರಿಮಾಡಿದರೆ ಸಾಲದೇ?

"ರೀ, ಕಾರು ಫೆಬ್ರುವರಿಯಲ್ಲಿ ಹೋಗುತ್ತದೆಯೋ ಇಲ್ಲವೋ ಆಮೇಲೆ ನೋಡೋಣ. ಡಿಸೆಂಬರಿನಲ್ಲಿ ಅದರೊಳಗೆ ಕೂತು ಹೋಗುವವರು ನಾವಲ್ಲವೇ?" ಎಂದು ಆಕೆ ಕೇಳಿದರು. ಬ್ರೇಕಿನ ಬಾಬತ್ತು ಎರಡನೆಯ ಅಂಕಣದಲ್ಲಿ ಬಿತ್ತು. ಅದನ್ನು ಸರಿದೂಗಿಸಲು ಮೊದಲ ಅಂಕಣದಲ್ಲಿದ್ದ ಹೋಟೆಲಿನ ಮೂರು ರಾತ್ರಿಗಳೂ ನಾಲ್ಕಾರು ಊಟಗಳೂ ಹೊಡೆದುಹೋದವು. ಅವುಗಳ ಸ್ಥಾನದಲ್ಲಿ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆಯ ಡಬ್ಬಿ, ಒಂದು ಚಾಪೆ ಮತ್ತು ಎರಡು ಹೊದಿಕೆಗಳು ಕಾರಿನ ಹಿಂದಿನ ಸೀಟನ್ನೇರಿದವು.

ಕುಣಿಗಲ್, ಹಾಸನ, ಸಕಲೇಶಪುರಗಳನ್ನು ದಾಟಿ ದೋಣಿಗಾಲಿನ ಬಳಿ ಶಿರಾಡಿ ಘಾಟಿಯ ಇಳಿಜಾರು ಮೊದಲಾಗುತ್ತದೆ. ಮೇಷ್ಟ್ರು ಸ್ಟಿಯರಿಂಗಿನ ಪಕ್ಕದ ಗೇರಿನ ಹಿಡಿಯನ್ನು ಎರಡನೆಯ ಗೇರಿಗೆ ಹಾಕಿದವರು ತೆಗೆಯಲಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋದರೆ ಡ್ರಮ್ಮು ಕಾಯುತ್ತದೆ. ಕಾದ ಲೈನರು ಹಿಡಿತ ಕಳೆದುಕೊಳ್ಳುತ್ತದೆ. ಆಗ ಪೆಡಲು ಕಾಲಿಗೆ ಸಿಕ್ಕರೂ ಕಾರು ಕೈಗೆ ಸಿಕ್ಕುವುದಿಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಲಿಯನ್ನು ಹಿಡಿದಿರುತ್ತದೆ. ಹಿಂದೆ ಟ್ಯಾಂಕರುಗಳು ಹಾರನ್ ಬಾರಿಸಿದವು. ಮೇಷ್ಟ್ರು ಅಗಲವಾದ ಕಡೆ ಬದಿಗೆ ಸರಿದು ಅವುಗಳಿಗೆ ದಾರಿ ಬಿಟ್ಟರೇ ಹೊರತು ಗೇರು ಬಿಡಲಿಲ್ಲ. ಗುಂಡ್ಯ ತಲುಪಿದಾಗ ಇಳಿದು ಗಾಲಿಯ ಬಳಿ ಕೈಯಾಡಿಸಿದರು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಬೆನ್ನು ತಟ್ಟುವಂತೆ ಬಾನೆಟ್ಟನ್ನು ತಟ್ಟಿದರು.

ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿಯ ಮೇಲೆ ಸುಮಾರು 270 ಕಿಲೋಮೀಟರು. ಹೊಸ ಕಾರಿಗೆ ಅದು ಒಂದು ಮಧ್ಯಾಹ್ನದ ದಾರಿ. ಪದ್ಮಿನಿ ಅದಕ್ಕೆ ನಾಲ್ಕು ದಿನ ತೆಗೆದುಕೊಂಡಿತು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದಲ್ಲಿ ಅವಲಕ್ಕಿ, ಉಡುಪಿಯ ಮಠದಲ್ಲಿ ಊಟ, ರಾತ್ರಿ ಕೋಟದಲ್ಲಿ ಮೇಷ್ಟ್ರ ಹಳೆಯ ಶಿಷ್ಯನೊಬ್ಬನ ಮನೆಯ ಜಗಲಿ. ಕೋಟ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಆ ಕಾಲದಲ್ಲಿ ಈ ಕರಾವಳಿಯ ದಾರಿ ಇಂದಿನಂತೆ ಒಂದೇ ಎಳೆಯಾಗಿರಲಿಲ್ಲ. ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಘಟ್ಟದಿಂದ ಇಳಿದುಬರುವ ಹೊಳೆಗಳೆಲ್ಲ ಅದನ್ನು ತುಂಡುತುಂಡಾಗಿ ಕಡಿದಿದ್ದವು. ಸೇತುವೆಗಳು ಬರುವವರೆಗೆ ಮೋಟಾರು ವಾಹನಗಳು, ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್‌ಗಳ ಮೇಲೆ ಹೊಳೆ ದಾಟಬೇಕಾಗಿತ್ತು. ಪ್ರತಿಯೊಂದು ಹೊಳೆಯ ದಡದಲ್ಲಿಯೂ ಕಾಯುವುದು, ಕಾಯುವವರೊಡನೆ ಮಾತು. ಸೇತುವೆಗಳು ಬಂದು ಆ ಕಾಯುವಿಕೆ ತಪ್ಪಿದ್ದು ರೋಗಿಗೂ ಬಸುರಿಗೂ ಜೀವದಾನವೇ ಸರಿ. ಆದರೆ ದಾರಿಯ ಮೇಲಿನ ಪರಿಚಯಗಳೂ ಅದರೊಡನೆ ಕಡಮೆಯಾದವು. ಹಳೆಯ ಕಾರು ಅಷ್ಟಿಷ್ಟು ಆ ಹಳೆಯ ಕಾಲವನ್ನು ಮರಳಿ ತರುತ್ತದೆ; ಅದು ನಿಂತಲ್ಲಿ ಯಾರಾದರೂ ಬಂದು "ಎಲ್ಲಿಂದ ಬಂದಿರಿ?" ಎಂದು ಕೇಳಿಯೇ ಕೇಳುತ್ತಾರೆ.

ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಒಂದು ಕಡೆ ನೀರು ಮೊರೆಯುತ್ತಿರುತ್ತದೆ, ಇನ್ನೊಂದು ಕಡೆ ಮಲಗಿರುತ್ತದೆ. ದಂಪತಿಗಳು ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುಳಿತರು. ಅದರ ಫಲವಾಗಿ ಬೈಂದೂರು ದಾಟುವಷ್ಟರಲ್ಲಿ ಸೂರ್ಯ ಮುಳುಗಿದ. ಎದುರಿನಿಂದ ಬರುವ ವಾಹನಗಳ ಬಿಳಿಯ ದೀಪಗಳು ಕಣ್ಣಿಗೆ ಚುಚ್ಚುತ್ತಿದ್ದವು. ಭಟ್ಕಳ ಇನ್ನೂ ಮುಂದಿರುವಾಗ, ಹೆದ್ದಾರಿಯ ನಡುವಣ ಕಟ್ಟೆಯ ಕಿಂಡಿಯಿಂದ ಸೈಕಲ್ ತಳ್ಳಿಕೊಂಡು ಒಬ್ಬ ಹುಡುಗ ರಸ್ತೆಗೆ ಬಂದ.

"ಹುಡುಗ!" ಎಂದು ಆಕೆ ಕೂಗಿದರು. ಮೇಷ್ಟ್ರ ಕಾಲು ಬ್ರೇಕನ್ನು ಒತ್ತಿದ್ದು ಆ ಕೂಗಿಗೆ. ಹುಡುಗನನ್ನು ಕಂಡದ್ದು ಆಮೇಲೆ. ಕಾರು ಅತ್ತಿತ್ತ ಎಳೆಯದೆ ನೇರವಾಗಿ ನಿಂತಿತು. ಸೈಕಲ್ಲಿಗೂ ಬಂಪರಿಗೂ ನಡುವೆ ಎರಡು ಮಾರು ದೂರ. ಹುಡುಗ ಕಾರನ್ನೊಮ್ಮೆ ನೋಡಿ, ಏನೂ ಆಗದವನಂತೆ ಸೈಕಲ್ ತಳ್ಳಿಕೊಂಡು ಹೋದ. ಒಂದು ಗಾಲಿಯನ್ನಷ್ಟೇ ಸರಿಮಾಡಿಸಿದ್ದರೆ ಏನಾಗುತ್ತಿತ್ತೆಂಬ ಲೆಕ್ಕವನ್ನು ಮೇಷ್ಟ್ರು ಮನಸ್ಸಿನಲ್ಲಿಯೇ ಮಾಡಿದರು. ಗಣಿತದಲ್ಲಿ ಅಂತಹ ಭಯಂಕರವಾದ ಲೆಕ್ಕವನ್ನು ಅವರು ಎಂದೂ ಮಾಡಿರಲಿಲ್ಲ. ಆಕೆ ಏನೂ ಹೇಳಲಿಲ್ಲ. ಮುರುಡೇಶ್ವರದವರೆಗೆ ಕಾರಿನಲ್ಲಿ ಎಂಜಿನ್ನಿನ ಸದ್ದೊಂದೇ.

ಮರುದಿನ ಕುಮಟೆ, ಮಿರ್ಜಾನುಗಳನ್ನು ಹಿಂದೆ ಬಿಟ್ಟು ಗೋಕರ್ಣಕ್ಕೆ ತಿರುಗುವ ಮಾದನಗೇರಿಯ ಬಳಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಬಾನೆಟ್ಟು ಎತ್ತಿದರೆ ಪಂಪಿನ ಬಳಿಯ ರಬ್ಬರ್ ಕೊಳವೆ ಮೆತ್ತಗಾಗಿ ಬೆವರುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತಿರುತ್ತದೆ. ಹಿಂದಿನ ಕಾಲದ ರಬ್ಬರು ಅದನ್ನು ತಾಳಲಾರದು. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಉಳಿಯುವುದು ಕಾರಿನ ನೆನಪು ಮಾತ್ರ. ತದಡಿಯ ಬಂದರಿನಲ್ಲಿ ದೋಣಿಯ ಎಂಜಿನ್ನುಗಳನ್ನು ರಿಪೇರಿ ಮಾಡುವವನೊಬ್ಬ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ನಿಂತ. ಚೀಲದಿಂದ ಹೊಸ ಕೊಳವೆಯ ತುಂಡನ್ನು ತೆಗೆದು, ಅಳೆದು ಕತ್ತರಿಸಿ, ಎರಡು ಕ್ಲಿಪ್ಪು ಹಾಕಿ ಬಿಗಿದ. ಕೊಳವೆಯ ಬೆಲೆ ಎಂದು ಅರವತ್ತು ರೂಪಾಯಿ ತೆಗೆದುಕೊಂಡ, ಕೂಲಿ ಬೇಡವೆಂದ.

"ರಸ್ತೆಯಲ್ಲಿ ನಿಂತರೆ ತಳ್ಳಲಿಕ್ಕೆ ಯಾರಾದರೂ ಸಿಕ್ಕುತ್ತಾರೆ ಮಾಸ್ತರರೇ, ಸಮುದ್ರದಲ್ಲಿ ಯಾರು ತಳ್ಳುತ್ತಾರೆ? ದೋಣಿ ಎಷ್ಟು ಹಳೆಯದಾದರೂ ಅಡ್ಡಿಯಿಲ್ಲ, ಪೈಪು ಮಾತ್ರ ಹಳೆಯದಿರಬಾರದು" ಎಂದು ನಕ್ಕು ಹೊರಟುಹೋದ. ಆಕೆ ಆ ಅರವತ್ತು ರೂಪಾಯಿಯನ್ನು ಎರಡನೆಯ ಅಂಕಣದಲ್ಲಿಯೇ ಬರೆದರು.

ಅಂಕೋಲೆಯ ಕಡೆಗೆ ಹೋಗುವಾಗ ಗಂಗಾವಳಿಯ ದಡದಲ್ಲಿ ಶಿರೂರು ಸಿಕ್ಕುತ್ತದೆ. ಹೆದ್ದಾರಿಗಾಗಿ ಬುಡವನ್ನು ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಮಳೆಯಲ್ಲಿ ಇಲ್ಲಿ ಕುಸಿದು, ದಾರಿಬದಿಯ ಚಹದಂಗಡಿಯನ್ನೂ ಅದರ ಕುಟುಂಬವನ್ನೂ ಹೊಳೆಗೆ ನೂಕಿತು; ಚಾಲಕನ ಸಮೇತ ಮುಳುಗಿದ ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಆಗಸ್ಟ್ 7ರ ಬೆಳಗಿನ ಜಾವ ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಮುರಿದು ಬಿತ್ತು. ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಪುಣ್ಯವಶಾತ್ ಬದುಕಿಸಿಕೊಂಡರು. ಪಕ್ಕದ ಹೊಸ ಸೇತುವೆಯ ಮೇಲೆ ಇಂದು ವಾಹನಗಳು ಓಡುತ್ತವೆ. ದಂಪತಿಗಳು ದಡದಲ್ಲಿ ಕಾರು ನಿಲ್ಲಿಸಿ ನೋಡಿದರು. ಬಿದ್ದ ಸೇತುವೆಗೆ ನಾಲ್ವತ್ತು ವರ್ಷ ದಾಟಿತ್ತು. ಕಾರಿಗಿಂತ ಬಹಳ ಹಿರಿಯದೇನೂ ಅಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಬೀಳುವುದಿಲ್ಲ. ಕಾಪುವಿನ ದೀಪಸ್ತಂಭ ನೂರು ವರ್ಷ ಮೀರಿಯೂ ನಿಂತಿದೆ. ಆದರೆ ಹಳೆಯದು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸಾಲ ಕೇಳುತ್ತದೆ. ಕೊಡದಿದ್ದರೆ ಒಂದು ದಿನ ಒಟ್ಟಾಗಿ ವಸೂಲು ಮಾಡುತ್ತದೆ. ಆ ವಸೂಲಿ ಬಹಳ ಸಲ ಸಾಲಗಾರನಿಂದಲ್ಲ, ದಾರಿಯಲ್ಲಿ ಹೋಗುವ ಬೇರೆ ಯಾರಿಂದಲೋ ಆಗುತ್ತದೆ. ಮಿತವ್ಯಯವೆಂಬುದು ಒಳ್ಳೆಯ ಗುಣ. ಅದು ತನ್ನ ಊಟದಲ್ಲಿ, ತನ್ನ ಹಾಸಿಗೆಯಲ್ಲಿ, ತನ್ನ ಆಡಂಬರದಲ್ಲಿ ಸಲ್ಲುತ್ತದೆ. ಇನ್ನೊಬ್ಬರ ಜೀವ ಆತುಕೊಂಡಿರುವ ಕಡೆ ಅದಕ್ಕೆ ಬೇರೆಯೇ ಹೆಸರು.

ಹಿಂದಿರುಗುವ ದಾರಿ ಅಂಕೋಲೆಯಿಂದ ಯಲ್ಲಾಪುರದ ಕಡೆಗೆ, ಅರಬೈಲು ಘಾಟಿಯ ಮೇಲೆ. ಅರ್ಧ ಹತ್ತುವಷ್ಟರಲ್ಲಿ ರೇಡಿಯೇಟರು ಕುದಿಯಿತು. ಬದಿಗೆ ನಿಲ್ಲಿಸಿ, ನೀರು ಆರುವವರೆಗೆ ಮುಚ್ಚಳ ತೆಗೆಯದೆ ಕಾಯಬೇಕು. ಕಾಡಿನ ತಂಪಿನಲ್ಲಿ ಆಕೆ ನೋಟುಬುಕ್ಕು ಬಿಡಿಸಿದರು. ಒಟ್ಟು ಖರ್ಚು ಅಂದಾಜಿನೊಳಗೇ ಇತ್ತು. ಹೊಸ ಪುಟಕ್ಕೆ ಗೆರೆ ಎಳೆದು, ಮೇಲೆ "ಫೆಬ್ರುವರಿ" ಎಂದು ಬರೆದರು.

"ಕಾರಿನ ನವೀಕರಣ, ಹತ್ತು ಸಾವಿರ. ಬರೆಯಲೇ?"

ಮೇಷ್ಟ್ರ ಮುಖ ಅರಳಿತು. "ಬರಿ. ಅದು ಪಾಸಾಗುತ್ತದೆ, ನೋಡು."

"ಅದು ಪಾಸಾಗುತ್ತದೆ" ಎಂದು ಆಕೆ ಒಪ್ಪಿಕೊಂಡರು. ಆಮೇಲೆ ಎರಡನೆಯ ಅಂಕಣದಲ್ಲಿ, ಹತ್ತು ಸಾವಿರಕ್ಕೂ ಮೇಲಿನ ಸಾಲಿನಲ್ಲಿ, ಇನ್ನೊಂದು ಬಾಬತ್ತನ್ನು ದುಂಡಾದ ಅಕ್ಷರಗಳಲ್ಲಿ ಸೇರಿಸಿ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದರು. ಮೇಷ್ಟ್ರು ಅದನ್ನು ಹತ್ತಿರಕ್ಕೆ ತಂದು, ಮತ್ತೆ ದೂರ ಹಿಡಿದು ಓದಿದರು: "ಮೊದಲು ಇವರ ಕಣ್ಣಿನ ಪರೀಕ್ಷೆ."