ಗಂಡಭೇರುಂಡದ ನಾಡಿನಲ್ಲಿ ಹೆಬ್ಬೆಟ್ಟಿನ ಗುರುತು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಊರ್ಗಾಂ ದಾಟಿದ ಮೇಲೆ ಸಿಗುವ ಪುಟ್ಟ ನಿಲ್ದಾಣವೇ ಚಾಂಪಿಯನ್. ಸುತ್ತ ಸಯನೈಡ್ ದಿಬ್ಬಗಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ಸ್ ಗಣಿ ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು. ಕೆ.ಜಿ.ಎಫ್. ಗಣಿಗಳಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು.

ಗಣಿ ನಡೆಸಿದ್ದು ಇಂಗ್ಲಿಷ್ ಕಂಪೆನಿ. ನೆಲ ಮೈಸೂರು ಸಂಸ್ಥಾನದ್ದು. ತೆಗೆದ ಚಿನ್ನಕ್ಕೆ ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿತ್ತು. ಆ ಸಂಸ್ಥಾನದ ಲಾಂಛನ ಗಂಡಭೇರುಂಡ, ಎರಡು ತಲೆಯ ಪುರಾಣದ ಪಕ್ಷಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭ ಇಂದಿಗೂ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಈ ಪಕ್ಷಿಯುಂಟು. ಆನೆಯನ್ನೇ ಎತ್ತಿಕೊಂಡು ಹಾರಬಲ್ಲದೆಂಬ ಕಲ್ಪನೆಯ ಹಕ್ಕಿ ಅರಸರಿಗೆ ಪರಾಕ್ರಮದ ಗುರುತಾದದ್ದು ಸಹಜವೇ.

ಮೈಸೂರಿನ ಕುದುರೆ ಸವಾರರ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಲಾಂಛನವೂ ಇದೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಾಗ ಜೋಧಪುರದ ಸವಾರರ ಜೊತೆ ಮೈಸೂರಿನವರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಪಡೆಯ ಸ್ಮಾರಕವಿದೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ ರೆಜಿಮೆಂಟಿಗೆ ಮುಂದೆ 61ನೇ ಕ್ಯಾವಲ್ರಿ ಎಂಬ ಹೆಸರಾಯಿತು. ಅದರ ಬ್ಯಾಡ್ಜಿನ ನಡುವೆ ನಮ್ಮ ಭೇರುಂಡವಿದೆ. ಕೆಳಗಿನ ಪಟ್ಟಿಯಲ್ಲಿ ‘ಅಶ್ವಶಕ್ತಿ ಯಶೋಬಲ’ ಎಂಬ ಧ್ಯೇಯವಾಕ್ಯ. ಸೈನ್ಯದ ಬ್ಯಾಡ್ಜನ್ನು ಓದುವ ಕ್ರಮವೇ ಹೀಗೆ: ನಡುವಿನ ಚಿತ್ರ ವಂಶವನ್ನು ಹೇಳಿದರೆ, ಪಟ್ಟಿಯ ಮಾತು ವ್ರತವನ್ನು ಹೇಳುತ್ತದೆ. ಸಂಸ್ಥಾನ ಹೋಯಿತು, ಪಡೆ ಬೇರೊಂದರಲ್ಲಿ ಕರಗಿತು. ಹಕ್ಕಿ ಮಾತ್ರ ಉಳಿಯಿತು.

ಕೆ.ಜಿ.ಎಫ್.ಗೂ ತನ್ನದೇ ಆದ ಪಡೆಯಿತ್ತು. ಅದು ಕೋಲಾರ್ ಗೋಲ್ಡ್ ಫೀಲ್ಡ್ ಬೆಟಾಲಿಯನ್. 1920ರ ಕಾಯಿದೆಯಂತೆ ರಚನೆಯಾದ ಆಕ್ಸಿಲಿಯರಿ ಫೋರ್ಸ್‌ಗೆ ಸೇರಿದ ಈ ಬೆಟಾಲಿಯನ್ನಿಗೆ ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರಿಗಷ್ಟೇ ಪ್ರವೇಶ. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದು ಪಾತಾಳಕ್ಕಿಳಿದು ಬಂಡೆ ಕೊರೆಯುತ್ತಿದ್ದ ಕಾರ್ಮಿಕನ ಎದೆಯ ಮೇಲೆ ಆ ಬ್ಯಾಡ್ಜು ಏರುವಂತಿರಲಿಲ್ಲ. ಅವನಿಗೆ ಕಂಪೆನಿ ಕೊಡಹೊರಟ ಗುರುತೇ ಬೇರೆ. ಹೆಬ್ಬೆಟ್ಟು ಒತ್ತಿ ದಾಖಲಾಗಬೇಕೆಂಬ ಕ್ರಮದ ವಿರುದ್ಧ 1930ರಲ್ಲಿ ಇಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಲಾಂಛನವೂ ಗುರುತೇ, ಹೆಬ್ಬೆಟ್ಟೂ ಗುರುತೇ. ಒಂದು ‘ಇವನು ನಮ್ಮವನು’ ಎನ್ನುತ್ತದೆ. ಇನ್ನೊಂದು ‘ಇವನ ಮೇಲೆ ಕಣ್ಣಿರಲಿ’ ಎನ್ನುತ್ತದೆ. ಈ ವ್ಯತ್ಯಾಸ ಆ ಕಾರ್ಮಿಕರಿಗೆ ಚೆನ್ನಾಗಿ ಗೊತ್ತಿತ್ತು.

ಚಾಂಪಿಯನ್ ರೀಫ್ಸ್‌ಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ಗಣಿಬಾವಿಯ ಮೇಲೆ ನಿಲ್ಲುತ್ತಿದ್ದ ಕಬ್ಬಿಣದ ಗೋಪುರದ ಕಥೆ ಹೇಳಲಿ. ಅದರ ತುದಿಯ ಚಕ್ರ ತಿರುಗಿದಾಗಲೇ ಸಾವಿರಾರು ಮನೆಗಳ ಒಲೆ ಉರಿಯುತ್ತಿತ್ತು. ಗಂಡಭೇರುಂಡ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ಆ ಹಕ್ಕಿಯನ್ನು ಗುರುತಿಸಲು ಮಕ್ಕಳಿಗೆ ಕಲಿಸುವುದು ಸುಲಭ. ಈ ಊರಿಗೊಂದು ಲಾಂಛನ ಬರೆಯಿರಿ ಎಂದು ಕೇಳಿ ನೋಡಿ. ಚಕ್ರ, ಬಾವಿ, ಕೈದೀಪಗಳಲ್ಲಿ ಯಾವುದನ್ನು ನಡುವೆ ಇಡಬೇಕೆಂದು ಯೋಚಿಸುವಾಗಲೇ ಅವರಿಗೆ ಇಲ್ಲಿ ದುಡಿದವರ ನೆನಪಾದೀತು.