ನಿನ್ನೆ ಏನೇನಾಯ್ತು, ಹೇಳಿ

ಎಂ.ಎಡ್. ಸೇರಿದಾಗ ನನಗೆ ನಲವತ್ತೊಂದು. ಹನ್ನೆರಡು ವರ್ಷ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು, ಮಗ ಪಿಯುಸಿಗೆ ಬಂದ ಮೇಲೆ ಕೆಲಸ ಬಿಟ್ಟು ಹೊರಟವಳು ನಾನು. ಅತ್ತೆ ಮಾತ್ರ, "ಪಾಠ ಮಾಡೋಕೆ ಬರುತ್ತಲ್ಲಮ್ಮ, ಇನ್ನೇನು ಕಲೀಬೇಕು?" ಅಂದರು. 2015ರಲ್ಲಿ ಈ ಕೋರ್ಸು ಎರಡು ವರ್ಷದ್ದಾಗಿತ್ತು, ಪ್ರಬಂಧ ಬರೆಯದೆ ಮುಗಿಯುವುದಿಲ್ಲ. ಹಾಗಾಗಿ ಸೀನಿಯರ್‌ಗಳು ಮೊದಲ ದಿನವೇ ಕಿವಿಗೆ ಹಾಕಿದ್ದರು: "ಮನೋವಿಜ್ಞಾನ, ತತ್ತ್ವಶಾಸ್ತ್ರ ಎಲ್ಲಾ ಓದಿದ್ರೆ ಬರುತ್ತೆ. ಸಂಶೋಧನಾ ವಿಧಾನ ಒಂದು ಜೋಪಾನ ಮೇಡಂ."

ಹೆದರಿಸುವಂಥದ್ದು ನಿಜವಾಗಿ ಅದರ ಭಾಷೆ. ಸಮಷ್ಟಿ, ಚರ, ಸಹಸಂಬಂಧ, ಶೂನ್ಯ ಪ್ರಾಕ್ಕಲ್ಪನೆ. ಈ ಕೊನೆಯದು ಬಾಯಿಗೂ ಬರುತ್ತಿರಲಿಲ್ಲ, ತಲೆಗೂ ಹೋಗುತ್ತಿರಲಿಲ್ಲ. 'ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಗೈರುಹಾಜರಿಯಲ್ಲಿ ವ್ಯತ್ಯಾಸ ಇಲ್ಲ' ಅಂತ ಮೊದಲೇ ಇಟ್ಟುಕೊಳ್ಳಬೇಕು. ಆಮೇಲೆ, ಅದನ್ನು ಕೈಬಿಡಲೇಬೇಕು ಅನ್ನುವಷ್ಟು ಸಾಕ್ಷಿ ಇದೆಯಾ ಅಂತ ನೋಡಬೇಕು. ಇಲ್ಲ ಅಂತ ಹುಡುಕಿಕೊಂಡು ಯಾರಾದರೂ ಮೂರು ಹಳ್ಳಿ ತಿರುಗುತ್ತಾರಾ? ಮಗ ತಟ್ಟೆ ಮುಂದೆ ಕೂತೇ ಬಿಡಿಸಿ ಹೇಳಿದ: "ಕೋರ್ಟ್ ಥರ ಅಮ್ಮ. ಸಾಬೀತಾಗೋ ತನಕ ಆರೋಪಿ ನಿರಪರಾಧಿ. ಸಾಬೀತಾಗ್ಲಿಲ್ಲ ಅಂದ ಮಾತ್ರಕ್ಕೆ ಅವನು ಮಾಡಿಲ್ಲ ಅಂತಲೂ ಅಲ್ಲ." ಯಾವ ಗೈಡ್ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ವಿಷಯ ಆರಿಸುವ ದಿನ ನಮ್ಮ ಬ್ಯಾಚಿನವರೆಲ್ಲ ದೊಡ್ಡ ದೊಡ್ಡ ಶೀರ್ಷಿಕೆ ತಂದಿದ್ದರು. 'ಗ್ರಾಮೀಣ ಶಿಕ್ಷಣದ ಸಮಸ್ಯೆಗಳು' ಅಂತ ಓದಿದವರಿಗೆ ನಮ್ಮ ಮಾರ್ಗದರ್ಶಕಿ, "ಇದು ಪ್ರಬಂಧ ಅಲ್ಲಪ್ಪ, ಮಂತ್ರಿಗಳ ಭಾಷಣ" ಅಂದರು. ಕೊನೆಗೆ ನನ್ನ ಪಾಲಿಗೆ ಉಳಿದಿದ್ದು ಇಷ್ಟು: ಚಳ್ಳಕೆರೆ ಸೀಮೆಯಲ್ಲಿ ಈರುಳ್ಳಿ, ಶೇಂಗಾ ಕೀಳುವ ತಿಂಗಳುಗಳಲ್ಲಿ ಆರು ಮತ್ತು ಏಳನೇ ತರಗತಿಯ ಮಕ್ಕಳು ಯಾಕೆ ಶಾಲೆಗೆ ಬರುವುದಿಲ್ಲ? ಮೂರು ಶಾಲೆ, ನಲವತ್ತು ತಾಯಂದಿರು.

ಪ್ರಶ್ನಾವಳಿ ಮಾಡಿಕೊಂಡೆವು. ಲೈಕರ್ಟ್ ಅನ್ನುವ ಅಮೆರಿಕದ ಮನೋವಿಜ್ಞಾನಿ 1932ರಲ್ಲಿ ತೋರಿಸಿಕೊಟ್ಟ ಮಾಪನ ನಿಮಗೂ ಗೊತ್ತಿರುತ್ತೆ, ಬ್ಯಾಂಕಿನವರು ಮೊಬೈಲಿಗೆ ಕಳಿಸುವ ಫಾರಂಗಳಲ್ಲೂ ಅದೇ ಇರುವುದು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಮೊದಲು ಹತ್ತು ಜನರ ಹತ್ತಿರ ಕೇಳಿ ಪರೀಕ್ಷೆ ಮಾಡುವುದು ಕ್ರಮ. 'ಹೆಣ್ಣು ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸಬೇಕು' ಅಂತ ಓದಿದೆ. ಹತ್ತಕ್ಕೆ ಹತ್ತೂ ಜನ ಪೂರ್ತಿ ಒಪ್ಪಿದರು! ಒಬ್ಬಾಕೆಯಂತೂ ಹಾಳೆಯನ್ನೇ ನನ್ನ ಕಡೆ ತಳ್ಳಿ, "ನಿಮ್ಗೆ ಯಾವ್ದು ಒಳ್ಳೇದು ಅನ್ಸುತ್ತೋ ಅದ್ಕೇ ಗುರುತು ಹಾಕ್ಕಳಿ ಮೇಡಮ್ಮೋರೆ" ಅಂದಳು. ಅವಳ ಮಗಳು ಅವತ್ತು ಮನೆಯಲ್ಲೇ ಇದ್ದಳು, ಕಂಕುಳಲ್ಲಿ ಕೂಸು.

"ಎಲ್ರೂ ಒಂದೇ ಉತ್ತರ ಕೊಡೋದಾದ್ರೆ ಅದು ಪ್ರಶ್ನೆ ಅಲ್ಲ, ಗೋಡೆ ಬರಹ" ಅಂದ ಮಾರ್ಗದರ್ಶಕಿ, ಐದು ಅಂಶದ ಮಾಪನ ಪಕ್ಕಕ್ಕಿಟ್ಟು ಸಂದರ್ಶನ ಮಾಡಲು ಹೇಳಿದರು. ಅದೂ ಒಂದೇ ದೊಡ್ಡ ಪ್ರಶ್ನೆಯಿಂದ ಶುರು: "ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೂ ನಿಮ್ಮ ಮಗಳು ಏನೇನು ಮಾಡಿದ್ಲು, ಹೇಳಿ."

ನೋಡಿ, ಇಲ್ಲಿಂದ ಮುಂದೆ ಬಾಯಿ ಬಿಟ್ಟರು. ಏನಾಗಬೇಕು ಅಂತ ಕೇಳಿದರೆ ನಮಗೆ ಇಷ್ಟವಾಗುವ ಉತ್ತರ ಕೊಡುವವರು, ನಿನ್ನೆ ಏನಾಯ್ತು ಅಂದರೆ ನಿನ್ನೆಯದ್ದನ್ನೇ ಹೇಳುತ್ತಾರೆ. ನಲ್ಲಿಯಲ್ಲಿ ನೀರು ಬಂದ ಹೊತ್ತು, ಕೂಲಿಗೆ ಕರೆಯೋಕೆ ಆಟೋ ಬಂದ ಹೊತ್ತು, ಕೂಸು ಅತ್ತ ಹೊತ್ತು. ಈರುಳ್ಳಿ ಹೊಲಕ್ಕೆ ತಾಯಿ ಹೊರಟರೆ ಒಂದೂವರೆ ವರ್ಷದ ಮಗುವನ್ನು ಯಾರ ಕೈಗೆ ಕೊಡೋದು? ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದವರನ್ನು. ಹಾಗಾಗಿ ಏಳನೇ ತರಗತಿಯ ಅಕ್ಕ ಮನೆಯಲ್ಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಗೆ 'ಅನಾರೋಗ್ಯ'. "ನಮ್ಮುಡ್ಗಿಗೆ ಜ್ವರ ಬಂದೇ ಇಲ್ಲ ಕಣ್ರಮ್ಮ, ಅದ್ಯಾರು ಬರ್ದವ್ರೋ" ಅಂತ ಒಬ್ಬ ತಾಯಿ ನಕ್ಕುಬಿಟ್ಟಳು.

ಒಪ್ಪಿಗೆ ಪತ್ರದ ವಿಷಯ ಬೇರೆಯದೇ ಕಥೆ. ಮಾತಾಡಿಸುವ ಮೊದಲು ಸಹಿ ತಗೋಬೇಕು. ಅದೇ ತಾಯಿ ಪೆನ್ನು ಮುಟ್ಟಲಿಲ್ಲ. "ಸಾಲಕ್ಕೆ ಸೈ ಹಾಕ್ಸ್ಕಂಡೋರೂ ಹಿಂಗೇ ನಿಮ್ಮಂಗೇ ಚೆನ್ನಾಗಿ ಮಾತಾಡಿದ್ರು. ಕೇಳೋದು ಕೇಳಿ, ಕಾಗ್ದ ಮಾತ್ರ ಬ್ಯಾಡ." ಸಂಶೋಧನೆಯಲ್ಲಿ ಇದಕ್ಕೂ ದಾರಿ ಇದೆ. ಪತ್ರವನ್ನು ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆ ಪಡೆದು, ಅದನ್ನು ಸಾಕ್ಷಿಯ ಎದುರು ದಾಖಲಿಸುವುದು. ಪಕ್ಕದ ಮನೆ ಅಜ್ಜಿ ಸಾಕ್ಷಿಯಾದರು. ಕಾಗದ ಬ್ಯಾಗಿಗೆ ಹೋದ ಮೇಲೆ ಆಕೆ ಒಂದು ಗಂಟೆ ಮಾತಾಡಿದಳು. ನನ್ನ ಪಟ್ಟಿಯಲ್ಲಿ ಆಕೆ 'ತಾ-14', ಅಂದರೆ ತಾಯಿ ಹದಿನಾಲ್ಕು.

ಹೆಸರಿನ ಬದಲು ಸಂಖ್ಯೆ ಯಾಕೆ ಅನ್ನುವುದು ಎರಡು ವಾರದಲ್ಲೇ ಅರ್ಥವಾಯಿತು. ಮೂರರಲ್ಲಿ ಒಂದು ಶಾಲೆಯ ಮುಖ್ಯ ಶಿಕ್ಷಕರು ಕಚೇರಿಗೆ ಕರೆದು, ಕಾಫಿ ತರಿಸಿ, "ಅನಾರೋಗ್ಯ ಅಂತ ನಾವೇ ಬರ್ಕೋತೀವಿ ಅಂತ ಯಾರೋ ಹೇಳಿದ್ರಂತೆ, ಯಾರಮ್ಮ ಅದು?" ಅಂದರು. ಹೇಳುವ ಹಾಗಿಲ್ಲ ಸರ್, ಅಂದೆ. ಇನ್ನೊಂದು ಸಲ ಕೇಳಿದರು. ಮೂರೂ ಶಾಲೆಯ ಒಟ್ಟು ಸಾರಾಂಶ ಕೊಡ್ತೀನಿ, ಹೆಸರು ಕೊಡೋಕಾಗಲ್ಲ, ಅಂದೆ. ಆ ತಾಯಿಯ ಮಗಳು ದಿನಾ ಅವರೆದುರೇ ಕೂರಬೇಕಲ್ಲ. ಮರುದಿನದಿಂದ ಆ ಶಾಲೆಯ ಬಾಗಿಲು ಮುಚ್ಚಿತು, ಅಲ್ಲಿ ಬಾಕಿಯಿದ್ದ ಎಂಟು ಸಂದರ್ಶನ ನಡೆಯಲೇ ಇಲ್ಲ. ನಲವತ್ತು ಮೂವತ್ತೆರಡಾಯಿತು. 'ಅಧ್ಯಯನದ ಮಿತಿಗಳು' ಅನ್ನುವ ಪುಟದಲ್ಲಿ ಸಂಖ್ಯೆ ಕಡಿಮೆಯಾದದ್ದು ಬರೆದೆ, ಯಾವ ಶಾಲೆ ಅಂತ ಬರೆಯಲಿಲ್ಲ.

ನಮ್ಮ ಎಂ.ಎನ್. ಶ್ರೀನಿವಾಸ್ ಅವರೂ 1948ರಲ್ಲಿ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿ, ಬರೆಯುವಾಗ ಊರಿನ ಹೆಸರು ಬದಲಿಸಿ 'ರಾಂಪುರ' ಅಂತ ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸಿಕ್ಕವು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಇದನ್ನು ತರಗತಿಯಲ್ಲಿ ಕೇಳಿ ಬಂದ ದಿನವೇ ನನ್ನ ಟಿಪ್ಪಣಿಗಳು ಎರಡು ಪೆನ್‌ಡ್ರೈವ್‌ಗೆ ಹೋದವು. ಯಾವ ಸಂಖ್ಯೆ ಯಾರದು ಅನ್ನುವ ಚೀಟಿ ಮಾತ್ರ ಒಂದೇ. ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ.

ಇನ್ನು ಅಂಕಿ ಅಂಶ. ಟಿ-ಪರೀಕ್ಷೆ ಅಂದರೆ ನಡುಕ ಇತ್ತು. ಅದನ್ನು ಕೊಟ್ಟಿದ್ದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ಗಾಸೆಟ್, 1908ರಲ್ಲಿ 'ಸ್ಟೂಡೆಂಟ್' ಅನ್ನುವ ಗುಪ್ತನಾಮದಲ್ಲಿ ಪ್ರಕಟಿಸಿದ್ದು ಅಂತ ಗೊತ್ತಾದ ಮೇಲೆ ಸ್ವಲ್ಪ ಸಲಿಗೆ ಬಂತು. ಸಣ್ಣ ಮಾದರಿಗೇ ಮಾಡಿದ್ದು, ನನ್ನಂಥವರಿಗೇ. ಹಾಜರಿ ಪುಸ್ತಕದ ಲೆಕ್ಕ ಹಾಕಿ ನೋಡಿದರೆ, ಗೈರಾದ ದಿನಗಳಲ್ಲಿ ಗಂಡು ಹೆಣ್ಣು ಮಕ್ಕಳ ನಡುವೆ 0.05ರ ಮಟ್ಟದಲ್ಲಿ ಸಾರ್ಥಕ ವ್ಯತ್ಯಾಸ ಇಲ್ಲ. ಅಂದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುವ ಹಾಗಿಲ್ಲ. ಜೊತೆಯವರು ಅಯ್ಯೋ ಪಾಪ ಅಂದರು. "ನಾಲ್ಕೈದು ಅಂಕಿ ಆ ಕಡೆ ಈ ಕಡೆ ಮಾಡಿದ್ರೆ ಬಂದ್ಬಿಡುತ್ತೆ, ಯಾರು ನೋಡ್ತಾರೆ?" ಅಂತ ಒಬ್ಬರು ಪ್ರೀತಿಯಿಂದಲೇ ಹೇಳಿದರು. ಎಂಟು ಸಂದರ್ಶನ ಬಿಟ್ಟುಕೊಟ್ಟವಳಿಗೆ ಅದು ರುಚಿಸಲಿಲ್ಲ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರೂ ಅದನ್ನೇ ಕೆದಕಿದರು: "ವ್ಯತ್ಯಾಸ ಕಂಡಿಲ್ಲ ಅಂದ್ಮೇಲೆ ನೀವು ಕಂಡುಹಿಡಿದಿದ್ದೇನು?" ಸಂದರ್ಶನದ ಅಧ್ಯಾಯ ತೆಗೆದು ತೋರಿಸಿದೆ. ದಿನಗಳು ಹೆಚ್ಚುಕಡಿಮೆ ಅಷ್ಟೇ, ಕಾರಣ ಬೇರೆ ಸರ್. ಹುಡುಗರು ಬಹುಪಾಲು ಹೊಲಕ್ಕೆ, ಕುರಿ ಹಿಂದೆ. ಹುಡುಗಿಯರು ಕೂಸಿನ ಜೊತೆ ಮನೆಯಲ್ಲಿ. ಹಾಜರಿ ಪುಸ್ತಕದಲ್ಲಿ ಇಬ್ಬರಿಗೂ ಅನಾರೋಗ್ಯ. ಮಾತ್ರೆ ಕೊಟ್ಟರೆ ಹೋಗುವುದಲ್ಲ ಇದು, ಅಂದೆ. ಅವರು ಪುಟ ತಿರುಗಿಸುತ್ತಾ ತಾ-14 ಹೇಳಿದ್ದನ್ನು ಪೂರ್ತಿ ಓದಿದರು. ಮತ್ತೇನೂ ಕೇಳಲಿಲ್ಲ.

ಕಳೆದ ತಿಂಗಳು ಬೈಂಡ್ ಮಾಡಿಸಿದ ಪ್ರತಿ ಹಿಡಿದು ಆಕೆಯ ಮನೆಗೆ ಹೋಗಿದ್ದೆ. "ಯಾವ್ದು ನನ್ ಮಾತು, ತೋರ್ಸಿ" ಅಂದಳು. ಓದಿ ಹೇಳಿದೆ. "ಹೂಂ, ಹಿಂಗೇ ಅಂದಿದ್ದೆ. ಹೆಸ್ರು ಎಲ್ಲೈತೆ?" ಹೆಸರು ಹಾಕಿಲ್ಲ, ನಿಮ್ಮ ಗುರುತು ಹದಿನಾಲ್ಕು, ಯಾರಿಗೂ ಗೊತ್ತಾಗಲ್ಲ ಅಂದೆ. ಆಕೆ ಪುಸ್ತಕ ಕಿತ್ತುಕೊಂಡು, ಆ ಪುಟಕ್ಕೆ ಬೆರಳಿಟ್ಟು, ಹೊಸ್ತಿಲು ದಾಟಿ ಬೀದಿಯಲ್ಲಿ ಈರುಳ್ಳಿ ಚೀಲ ಹೊಲಿಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದಳು: "ಏ, ನೋಡ್ರೇ ಇಲ್ಲಿ! ಹದಿನಾಲ್ಕು ಅಂದ್ರೆ ನಾನೇ!"